ದೂಜಣ್ಣನ ಸಣ್ಣಕ್ಷರದ 'ಇಲ್ಲ'

ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿರುವ ದೂಜಣ್ಣನಿಗೆ ನಿಜವಾಗಿ ಬರುವ ವಿದ್ಯೆ ಒಂದೇ. ಅದು ಗಿರಾಕಿಗೆ 'ಇಲ್ಲ' ಅನ್ನುವ ವಿದ್ಯೆ. ಇದೇನು ಮಹಾ ಅಂತ ನಗಬೇಡಿ. ಮಧ್ಯಾಹ್ನ ಕೋರ್ಟಿನ ವಕೀಲರೂ ಬ್ಯಾಂಕಿನವರೂ ಒಟ್ಟಿಗೆ ನುಗ್ಗಿ, ಅವರಲ್ಲೊಬ್ಬರು ಬೆಳಿಗ್ಗೆಯಿಂದ ನೀರುದೋಸೆಯನ್ನೇ ನೆನೆದುಕೊಂಡು ಬಂದು ಕೂತಿರುವಾಗ, ಆ ನೀರುದೋಸೆ ಆಗಲೇ ಮುಗಿದುಹೋಗಿದ್ದರೆ, ಸುದ್ದಿ ಮುಟ್ಟಿಸುವ ಕೆಲಸ ನೀವೊಮ್ಮೆ ಮಾಡಿ ನೋಡಿ. "ಎರಡು ಸಾದಾ, ಒಂದು ಮಸಾಲಾ, ಕಿಟಕಿಯ ಟೇಬಲಿಗೆ!" ಎಂದು ಅಡಿಗೆಮನೆಗೆ ಆರ್ಡರ್ ಕೂಗುವಾಗ ಬೀದಿಯವರೆಗೆ ಕೇಳಬೇಕು. 'ಇಲ್ಲ' ಅನ್ನುವಾಗ ಮಾತ್ರ ಗಿರಾಕಿಯ ಕಿವಿಯ ಹತ್ತಿರ ಬಗ್ಗಬೇಕು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರ ಮುಖ ಮಾಡಬೇಕು, ಮೆಲ್ಲಗೆ ಹೇಳಬೇಕು. ಹೊಸದಾಗಿ ಸೇರಿದ ಪ್ರತಿಯೊಬ್ಬ ಸಪ್ಲೈಯರನಿಗೂ ದೂಜಣ್ಣ ಮೊದಲು ಕಲಿಸುವ ಪಾಠ ಇದು: "ಆರ್ಡರ್ ದೊಡ್ಡದಾಗಿ, ಇಲ್ಲ ಸಣ್ಣದಾಗಿ."

ಈ ಪಾಠವನ್ನು ಹೋಟೆಲಿನೊಳಗೇ ಇಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಂಧೇರಿಯಲ್ಲಿ ಅವರ ತುಳು ಸಮಾಜದ ಸಂಘವಿದೆ. ಸಂಘಕ್ಕೆ ವಧೂವರರ ವಿಭಾಗವಿದೆ. ಇಷ್ಟು ಕಾಲ ಅದನ್ನು ನಡೆಸುತ್ತಿದ್ದವರು ರಾಜೀವಿಯಕ್ಕ. ಯಾರ ಮಗ, ಯಾರ ಮಗಳು, ಯಾರ್ಯಾರ ನಡುವೆ ಮಾತು ಬಿಟ್ಟಿದೆ ಎಂಬುದೆಲ್ಲ ಅವರ ಬಾಯಲ್ಲೇ ಇತ್ತು, ಮತ್ತು ಬಾಯಿ ಯಾವಾಗಲೂ ತೆರೆದೇ ಇತ್ತು. ಹೊಸದಾಗಿ ಬಂದ ಅಧ್ಯಕ್ಷರಿಗೆ ಎಲ್ಲವೂ ಕಂಪ್ಯೂಟರಿನಲ್ಲಿ ಬೇಕಾಯಿತು. ಸಭೆಯಲ್ಲಿ ಎದ್ದು ನಿಂತು, "ನಮ್ಮಲ್ಲಿ ಕಂಪ್ಯೂಟರ್ ಬಲ್ಲ ಹಿರಿಯರು ಯಾರಾದರೂ ಇದ್ದಾರೋ?" ಎಂದು ನಾಟಕದ ಗತ್ತಿನಲ್ಲಿ ಕೇಳಿದರು. ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲಿನ ಮೆಷಿನಿನ ಗುಂಡಿ ಒತ್ತುವ ದೂಜಣ್ಣನ ಕೈ ತಾನಾಗಿ ಮೇಲೆದ್ದಿತು. ಪಕ್ಕದಲ್ಲಿದ್ದ ತಂಗಿ ವಾರಿಜಾ ಆ ಕೈ ಎಳೆದು ಕೆಳಗಿಳಿಸುವುದರೊಳಗೆ ಚಪ್ಪಾಳೆ ಬಿದ್ದಾಗಿತ್ತು.

"ಬಿಲ್ ಮೆಷಿನಿಗೂ ಕಂಪ್ಯೂಟರಿಗೂ ಎಂತ ಸಂಬಂಧ ಅಣ್ಣ?" ವಾರಿಜಾ ಕೇಳಿದಳು.

"ಎರಡಕ್ಕೂ ಕರೆಂಟ್ ಬೇಕು," ಅಂದ ದೂಜಣ್ಣ.

ಆದರೆ ವಾರಿಜಾಳ ಮನಸ್ಸಿಗೂ ಒಳಗೊಳಗೆ ಸಂತೋಷವೇ. ಅವಳ ಮಗಳು ಪ್ರಣೀತಾ ಬಾಂದ್ರಾದಲ್ಲಿ ಕೆಲಸ ಮಾಡುತ್ತಿದ್ದಳು, ಮದುವೆಯ ವಯಸ್ಸು. ತಂದೆ ಹಡಗಿನಲ್ಲಿ, ವರ್ಷಕ್ಕೊಮ್ಮೆ ಮುಖ ತೋರಿಸುವವರು. ಹುಡುಗಿಯನ್ನು ಎತ್ತಿ ಆಡಿಸಿದ್ದೂ ಶಾಲೆಗೆ ಬಿಟ್ಟದ್ದೂ ಸೋದರಮಾವ ದೂಜಣ್ಣನೇ. "ನಮ್ಮಲ್ಲಿ ಲವ್ ಗಿವ್ ಎಲ್ಲ ಆಗುವುದಿಲ್ಲ. ಮಾಮ ಹುಡುಕಿದ ಹುಡುಗನನ್ನೇ ಪ್ರಣೀತಾ ಮದುವೆ ಆಗುವುದು," ಎಂದು ವಾರಿಜಾ ಬಿಲ್ಡಿಂಗಿಗೆಲ್ಲ ಸಾರಿಯಾಗಿತ್ತು. ದೂಜಣ್ಣನಿಗೆ ಅದಕ್ಕಿಂತ ದೊಡ್ಡ ಪದವಿ ಬೇರೆ ಬೇಕಿರಲಿಲ್ಲ.

ಇಲ್ಲಿ 'ಬರಿ' ಅಂದರೇನು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೇರೆಯವರಿಗೆ ಗೋತ್ರ ಇದ್ದ ಹಾಗೆ ತುಳುವರಿಗೆ ಬರಿ. ಆದರೆ ಅದು ಬರುವುದು ತಾಯಿಯಿಂದ. ಒಂದೇ ಬರಿಯವರು ಅಂದರೆ ಅಣ್ಣ ತಂಗಿಯರು, ಅವರೊಳಗೆ ಮದುವೆ ಸುತರಾಂ ಇಲ್ಲ. ಮುಂಬಯಿಯ ಶಾಲೆಗಳಲ್ಲಿ ಮಾತ್ರ ಮಕ್ಕಳಿಗೆ ಅಪ್ಪನ ಬರಿಯನ್ನೇ ಸರ್‌ನೇಮ್ ಮಾಡಿ ಬರೆಸಿಬಿಟ್ಟಿದ್ದಾರೆ. ಹಾಗಾಗಿ ಪ್ರಣೀತಾ ಅಮೀನ್ ಎನ್ನುವವಳ ಬರಿ ಅಮೀನ್ ಅಲ್ಲ, ಅವಳ ತಾಯಿಯದೂ ಮಾಮನದೂ ಆದ ಕುಂದರ್. ಸರ್‌ನೇಮ್ ನೋಡಿದರೆ ಯಾರಿಗೂ ಏನೂ ಗೊತ್ತಾಗುವಂತಿಲ್ಲ. ಕೇಳಿಯೇ ತಿಳಿಯಬೇಕು.

ಸಂಘಕ್ಕೆ ಕಂಪ್ಯೂಟರ್ ಹಾಕಿಕೊಟ್ಟವನು ತಿಲಕ್. ಸಮಾಜದವನೇ, ಫೋರ್ಟಿನ ಒಂದು ಆಫೀಸಿನಲ್ಲಿ ಕೆಲಸ. ಯಾರೂ ಕೇಳದೆ ತಾನಾಗಿ ಮುಂದೆ ಬಂದು, ರಜೆಯ ದಿನವೆಲ್ಲ ಕೂತು ಎಲ್ಲ ಹುಡುಗ ಹುಡುಗಿಯರ ವಿವರ ತುಂಬಿಸಿದ್ದ. ಇಂಥ ಸೇವಾಮನೋಭಾವ ಈಗಿನ ಹುಡುಗರಲ್ಲಿ ಎಲ್ಲುಂಟು ಎಂದು ಅಧ್ಯಕ್ಷರು ಅವನಿಗೆ ಶಾಲು ಹೊದೆಸಿದ್ದರು. ಹುಡುಕುವ ವಿಧಾನ ಕಲಿಸಲು ಅವನು ದೂಜಣ್ಣನ ಹೋಟೆಲಿಗೇ ಬಂದ. ಬಂದದ್ದು ಮಧ್ಯಾಹ್ನ, ಊಟದ ಗಲಾಟೆಯ ಹೊತ್ತಿಗೆ.

"ಸಿಂಪಲ್ ಉಂಟು ಅಂಕಲ್," ಅಂದ ತಿಲಕ್. "ಪಟ್ಟಿಯಲ್ಲಿ ಕ್ಲಿಕ್ ಮಾಡುವುದೆಲ್ಲ ಇಲ್ಲ. ಮೇಲೆ ಒಂದು ಖಾಲಿ ಜಾಗ ಉಂಟಲ್ಲ, ಅಲ್ಲಿ ಇಂಗ್ಲಿಷಿನಲ್ಲಿ ಬರೀಬೇಕು. SHOW ಅಂತ ಹಾಕಿದ್ರೆ ತೋರಿಸ್ತದೆ. ಅದು ಕಮಾಂಡ್."

"ಕಮಾಂಡ್ ಅಂದ್ರೆ ಆರ್ಡರ್."

"ಹಾಂ, ಆರ್ಡರ್. ಮತ್ತೆ ಫಂಕ್ಷನ್ ಅಂತ ಉಂಟು."

"ಫಂಕ್ಷನ್ ಹಾಲ್ ಸಿಕ್ಕಿದ ಮೇಲೆ ಅಲ್ವಾ?"

"ಆ ಫಂಕ್ಷನ್ ಅಲ್ಲ ಅಂಕಲ್," ತಿಲಕ್‌ನ ಮುಖ ಯಾಕೋ ಕೆಂಪಾಯಿತು. "ಇದು ಬೇರೆ. ಫಂಕ್ಷನ್ ದೊಡ್ಡದಾಗಿದ್ರೂ ಸಣ್ಣದಾಗಿದ್ರೂ ನಡೀತದೆ. ಕಮಾಂಡೂ ಹಾಗೇ."

ಹುಡುಗ ಸರಳ ಮದುವೆಯ ಪಕ್ಷದವನು, ಒಳ್ಳೆಯ ಸಂಸ್ಕಾರ ಎಂದುಕೊಂಡ ದೂಜಣ್ಣ. ಅಷ್ಟರಲ್ಲಿ ಪಾರ್ಸೆಲಿನವನು ಬಂದ. ಅವನ ಹಿಂದೆ ಚಟ್ನಿ ಸಾಲಲಿಲ್ಲವೆಂದು ಜಗಳಕ್ಕೆ ಇನ್ನೊಬ್ಬ ಬಂದ. ತಿಲಕ್ ಅವರಿಬ್ಬರ ನಡುವೆ ತಲೆ ತೂರಿಸಿ ಹೇಳಿದ:

"ಆದ್ರೆ ಒಂದು ಇಂಪಾರ್ಟೆಂಟ್ ಉಂಟು ಅಂಕಲ್! ಪ್ರಣೀತಾಗೆ... ಮತ್ಲಬ್, ಯಾರಿಗೇ ಹುಡುಕುವಾಗ್ಲೂ, ಅವರ ಬರಿಗಿಂತ ಮೊದಲು NOT ಹಾಕ್ಬೇಕು. ಆಗ ಆ ಬರಿಯವರನ್ನು ಬಿಟ್ಟು ಉಳಿದವರು ಬರ್ತಾರೆ. ಆದ್ರೆ NOT ಮಾತ್ರ..."

"ಏ, ಕಿಟಕಿಯ ಟೇಬಲಿಗೆ ಎರಡು ಸಾಂಬಾರ್!" ದೂಜಣ್ಣ ಕೂಗಿದ.

"...ಕ್ಯಾಪಿಟಲ್ ಅಕ್ಷರದಲ್ಲೇ ಬೇಕು. ಸಣ್ಣಕ್ಷರದಲ್ಲಿ ಬರೆದ್ರೆ ಅದನ್ನು ಕಸ ಅಂತ ಬಿಸಾಡ್ತದೆ. ಗೊತ್ತಾಯ್ತಲ್ಲ ಅಂಕಲ್?"

"ಗೊತ್ತಾಯ್ತು, ಗೊತ್ತಾಯ್ತು," ಅಂದ ದೂಜಣ್ಣ ಚಟ್ನಿಯವನ ಮುಖ ನೋಡುತ್ತ. ಅವನಿಗೆ ಕೇಳಿಸಿದ್ದು ದೊಡ್ಡದು, ಸಣ್ಣದು, ಕಸ ಎಂಬ ಮೂರು ಪದ. ಉಳಿದದ್ದನ್ನು ಅನುಭವದಿಂದ ತುಂಬಿಸಿಕೊಂಡ.

ಭಾನುವಾರ ಸಂಘದ ಕೋಣೆಯಲ್ಲಿ ದೇವರಿಗೆ ಕೈಮುಗಿದು ಕಂಪ್ಯೂಟರಿನ ಮುಂದೆ ಕೂತವನು ಅನುಭವದ ಪ್ರಕಾರವೇ ಬರೆದ. SHOW ಎಂಬುದು ಆರ್ಡರ್, ಅಡಿಗೆಮನೆಯವರೆಗೆ ಕೇಳಬೇಕು, ಅದನ್ನು ದೊಡ್ಡಕ್ಷರದಲ್ಲಿ ಹೊಡೆದ. not ಎಂಬುದು ಇಲ್ಲ. ಪಾಪ, ಯಾರ ಮನಸ್ಸೂ ನೋಯಬಾರದು. ಅದನ್ನು ಸಣ್ಣಕ್ಷರದಲ್ಲಿ, ಬೆರಳು ಮೆತ್ತಗೆ ಇಟ್ಟು ಹೊಡೆದ. ಆಮೇಲೆ bari, kundar. ಕಂಪ್ಯೂಟರ್ ಆ ಸಣ್ಣ not ಅನ್ನು ತಿಲಕ್ ಹೇಳಿದ ಹಾಗೆಯೇ ಕಸಕ್ಕೆ ಎಸೆಯಿತು. ಉಳಿದದ್ದನ್ನು ಮಾತ್ರ ಓದಿ, ಮುಂಬಯಿಯಲ್ಲಿರುವ ಕುಂದರ್ ಬರಿಯ ಹುಡುಗರನ್ನೆಲ್ಲ ಹುಡುಕಿ ತಂದು ದೂಜಣ್ಣನ ಮುಂದೆ ನಿಲ್ಲಿಸಿತು. ಹೆಸರು, ಫೋಟೋ, ಕೆಲಸ, ಇರುವ ಜಾಗ ಎಲ್ಲ ಇತ್ತು. ಬರಿಯನ್ನು ಮತ್ತೆ ತೋರಿಸಲಿಲ್ಲ. ಅದನ್ನು ಕೇಳಿದವರಿಗೆ ಗೊತ್ತಿರುತ್ತದಲ್ಲ ಎಂಬುದು ಅದರ ಮರ್ಯಾದೆ.

ಫೋಟೋಗಳನ್ನು ಮೊಬೈಲಿನಲ್ಲಿ ನೋಡಿ ವಾರಿಜಾ ಹಿಗ್ಗಿದಳು. "ಅಣ್ಣ, ಈ ಪ್ರಶಾಂತ ಸಾಲ್ಯಾನನ ಮೂಗು ನೋಡು! ನಮ್ಮ ಅಮ್ಮನ ಮೂಗಿನ ಹಾಗೇ ಉಂಟು!"

"ಕಂಪ್ಯೂಟರ್ ಮೂಗನ್ನೂ ನೋಡ್ತದೆ," ಅಂದ ದೂಜಣ್ಣ.

ಮರುದಿನ ತಿಲಕ್ ಹೋಟೆಲಿಗೆ ಬಂದ. ದೋಸೆ ಬಂದರೂ ಮುಟ್ಟದೆ ಗಲ್ಲೆಯ ಹತ್ತಿರ ಬಂದು ನಿಂತ.

"ಅಂಕಲ್, ಪ್ರಣೀತಾಗೆ ಸರ್ಚ್ ಮಾಡಿದ್ರಾ?"

"ಮಾಡಿದೆ."

"NOT ಹಾಕಿದ್ರಾ?"

"ಹಾಕದೆ?"

"ದೊಡ್ಡಕ್ಷರದಲ್ಲೇ ಅಲ್ವಾ?"

"ಎಷ್ಟು ದೊಡ್ಡದು ಅಂತೀ ಮಾರಾಯ! ಕನ್ನಡಕ ತೆಗೆದ್ರೂ ಕಾಣ್ಬೇಕು, ಹಾಗೆ ಮಾಡಿಸಿಕೊಂಡಿದ್ದೇನೆ." ಪರದೆಯ ಅಕ್ಷರವನ್ನೆಲ್ಲ ಅಂಗಡಿ ಬೋರ್ಡಿನಷ್ಟು ಹಿಗ್ಗಿಸಿಕೊಂಡದ್ದು ನಿಜವೇ.

ತಿಲಕ್ ಗಲ್ಲೆಗೆ ಇನ್ನಷ್ಟು ಒರಗಿದ. "ಮತ್ತೆ... ಗುರುತಿನವರು ಯಾರಾದ್ರೂ ಬಂದ್ರಾ ಅಂಕಲ್?"

"ಬಂದ. ಅಂಧೇರಿಯವನೇ. ಒಳ್ಳೆ ಹುಡುಗ, ಒಳ್ಳೆ ಕೆಲಸ. ನನಗೆ ಮನಸ್ಸಿಗೆ ಬಂತು."

"ಹೌದಾ ಅಂಕಲ್?" ತಿಲಕ್‌ನ ಮುಖ ಅರಳಿತು.

"ಹೌದು. ಪ್ರಶಾಂತ ಅಂತ."

ತಿಲಕ್ ಆ ದಿನ ದೋಸೆಯನ್ನು ಹಾಗೇ ಬಿಟ್ಟು ಹೋದ. ಚಟ್ನಿ ಹುಳಿ ಬಂದಿರಬೇಕೆಂದು ದೂಜಣ್ಣ ಅಡಿಗೆಯವನಿಗೆ ಬಯ್ದ.

ಪ್ರಶಾಂತನ ಮನೆಯವರು ಹುಡುಗಿ ನೋಡಲು ಬಂದರು. ವಾರಿಜಾ ಗೋಳಿಬಜೆ ಕರಿದಿದ್ದಳು, ಶೀರಾ ಮಾಡಿದ್ದಳು. ಪಕ್ಕದ ಮನೆಯ ಮರಾಠಿ ಹೆಂಗಸು ಸೋನಾಲಿ ತಾಯಿ (ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ) ಸಕ್ಕರೆ ಕೇಳುವ ನೆವದಲ್ಲಿ ಬಂದು ಬಾಗಿಲಲ್ಲೇ ನಿಂತಿದ್ದರು. ಬರಿ ಕೇಳುವುದೇ ಬೇಡ, ಕೇಳಿದರೆ ಕಂಪ್ಯೂಟರಿಗೆ ಅವಮಾನ ಎಂದು ದೂಜಣ್ಣ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಹುಡುಗ ಹುಡುಗಿ ಬಾಲ್ಕನಿಯಲ್ಲಿ ಮಾತಾಡಿಯೂ ಬಂದರು. ಎಲ್ಲರೂ ಎರಡನೇ ಸಲ ಗೋಳಿಬಜೆ ಹಾಕಿಸಿಕೊಂಡ ಮೇಲೆ, ಪ್ರಶಾಂತನ ತಾಯಿ ಸುಮ್ಮನೆ ಮಾತಿಗೆ ಅಂದರು:

"ನಿಮ್ಮ ಬರಿ ಯಾವುದಾಯ್ತು ವಾರಿಜಕ್ಕ?"

"ಕುಂದರ್."

ಗೋಳಿಬಜೆ ಆ ತಾಯಿಯ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. "ಅಯ್ಯೋ ದೇವರೇ! ನಮ್ಮದೂ ಕುಂದರ್!"

ಪ್ರಶಾಂತ ಎದ್ದು ನಿಂತವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. ಪ್ರಣೀತಾ ಮಾತ್ರ ಉಸಿರು ಬಿಟ್ಟು, "ಮತ್ಲಬ್ ಇವರು ನಂಗೆ ಭಾಯಿ? ಅಚ್ಛಾ ಹುವಾ," ಅಂದಳು. ಅವಳಿಗೆ ಇಷ್ಟೊಂದು ಸಂತೋಷ ಯಾಕೆಂದು ಯಾರೂ ಯೋಚಿಸಲಿಲ್ಲ.

"ಕಾಯ್ ಝಾಲಂ? ಲಗ್ನ ಠರಲಂ ಕಾ?" ಏನಾಯ್ತು, ಮದುವೆ ಗಟ್ಟಿಯಾಯ್ತಾ ಎಂದು ಬಾಗಿಲಿನಿಂದ ಸೋನಾಲಿ ತಾಯಿಯ ದನಿ ಬಂತು.

"ನಾಹೀ ತಾಯಿ, ಭಾವು ಮಿಳಾಲಾ," ಅಣ್ಣ ಸಿಕ್ಕಿದ ಎಂದು ಮರಾಠಿಯಲ್ಲೇ ಅಂದಳು ಪ್ರಣೀತಾ. ಸೋನಾಲಿ ತಾಯಿ ಅರೆಗಳಿಗೆಯೂ ತಡಮಾಡದೆ ಮನೆಗೆ ಹೋಗಿ, ಉಳಿದಿದ್ದ ಒಂದು ರಾಖಿ ತಂದುಕೊಟ್ಟರು. ನೋಡಲು ಬಂದ ಹುಡುಗ ರಾಖಿ ಕಟ್ಟಿಸಿಕೊಂಡು, ಮಿಕ್ಕ ಶೀರಾವನ್ನು ಡಬ್ಬಿಯಲ್ಲಿ ತೆಗೆದುಕೊಂಡು, "ತಂಗೀ, ಏನಾದ್ರೂ ಬೇಕಾದ್ರೆ ಫೋನ್ ಮಾಡು," ಎಂದು ಹೊರಟುಹೋದ.

ದೂಜಣ್ಣ ಧೈರ್ಯಗೆಡಲಿಲ್ಲ. ಒಮ್ಮೆ ಹೇಳಿದ 'ಇಲ್ಲ' ಕೆಲವು ಗಿರಾಕಿಗಳಿಗೆ ಕೇಳಿಸುವುದಿಲ್ಲ, ಆಗ ಏನು ಮಾಡುತ್ತೇವೆ? ಇನ್ನೊಮ್ಮೆ ಹೇಳುತ್ತೇವೆ, ಅಷ್ಟೇ ಮೆತ್ತಗೆ. ಮುಂದಿನ ಭಾನುವಾರ not not ಎಂದು ಬರೆದ. ಪ್ರಶಾಂತ ಮತ್ತೆ ಕಾಣಿಸಿಕೊಂಡ, ಕಂಪ್ಯೂಟರಿಗೆ ರಾಖಿಯ ಸುದ್ದಿ ಮುಟ್ಟಿಲ್ಲ ಎಂದು ಅವನನ್ನು ದಾಟಿ ಹೋದ. ಈ ಸಲ ಆರಿಸಿದವನು ಯಜ್ಞೇಶ್ ಸುವರ್ಣ. ಮನೆಯವರ ಗಲಾಟೆ ಬೇಡ, ಬಾಂದ್ರಾದ ಹೋಟೆಲಿನಲ್ಲಿ ತಾವಿಬ್ಬರೇ ಭೇಟಿಯಾಗುತ್ತೇವೆ ಎಂದರು ಹುಡುಗ ಹುಡುಗಿ. ಕಾಫಿ ಬರುವ ಮೊದಲೇ ಪ್ರಣೀತಾ ಬರಿ ಕೇಳಿದಳು. "ಸುವರ್ಣ ಹೀ ಹೋಗಾ, ಮತ್ತೆ ಯಾವುದಿರ್ತದೆ?" ಎಂದು ಅವನು ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಬಯ್ದದ್ದು ಪಕ್ಕದ ಟೇಬಲಿಗೂ ಕೇಳಿಸಿತು: "ಸುವರ್ಣ ನಿನ್ನ ಅಪ್ಪಂದು, ಮುಠ್ಠಾಳ! ನಿಂದು ಕುಂದರ್!" ಪ್ರಣೀತಾಳಿಗೆ ಎರಡನೇ ಅಣ್ಣ ಸಿಕ್ಕಿದ.

ತಿಲಕ್ ಈಗ ದಿನಾ ಬರುತ್ತಿದ್ದ. ದಿನಾ ಅದೇ ಪ್ರಶ್ನೆ ಕೇಳುತ್ತಿದ್ದ, 'ದೊಡ್ಡದೇ' ಎಂಬ ಅದೇ ಉತ್ತರ ಪಡೆಯುತ್ತಿದ್ದ, ಬೇರೊಬ್ಬನ ಹೆಸರು ಕೇಳಿ ಸಪ್ಪಗಾಗುತ್ತಿದ್ದ. ಒಂದು ದಿನ ಧೈರ್ಯ ಮಾಡಿ, "ಅಂಕಲ್, ಪಟ್ಟಿಯಲ್ಲಿ ಮೊದಲಿಗೆ ಬರುವ ಹುಡುಗನಲ್ಲಿ ಏನಾದ್ರೂ ಕಮ್ಮಿ ಉಂಟಾ?" ಎಂದು ಕೇಳಿದ.

"ಹುಡುಗ ಒಳ್ಳೆಯವನೇ ಮಾರಾಯ, ಆದ್ರೆ ನಮಗೆ ಆಗುವಂಥದ್ದಲ್ಲ," ಅಂದ ದೂಜಣ್ಣ, ಪ್ರಶಾಂತನನ್ನು ನೆನೆದು.

ತಿಲಕ್‌ನ ಕಣ್ಣಲ್ಲಿ ನೀರಾಡಿತು. ಸಾಂಬಾರಿಗೆ ಖಾರ ಹೆಚ್ಚಾಗಿರಬೇಕೆಂದು ದೂಜಣ್ಣ ಮತ್ತೆ ಅಡಿಗೆಯವನಿಗೆ ಬಯ್ದ. ಆ ದಿನದಿಂದ ಪ್ರಣೀತಾಳೂ ಮಾಮನ ಫೋನ್ ಎತ್ತುವುದನ್ನು ಕಮ್ಮಿ ಮಾಡಿದಳು. ದೂಜಣ್ಣನಿಗೆ ಅದು ಮಾತ್ರ ಬಹಳ ನೋವಾಯಿತು.

ಮೂರನೆಯ ಸಲ ಅವನು please not ಎಂದು ಬರೆದ. ಸೌಜನ್ಯಕ್ಕೆ ಇದಕ್ಕಿಂತ ಮುಂದೆ ಜಾಗವಿಲ್ಲ. ಲೋಹಿತ್ ಎಂಬವನ ಮನೆಯವರು ಬೊರಿವಲಿಯಿಂದ ಪೇಢೆ ಹಿಡಿದು ಬಂದರು. ವಾರಿಜಾ ಬಾಗಿಲಲ್ಲೇ ಅಡ್ಡ ನಿಂತು, "ಒಳಗೆ ಬರುವ ಮೊದಲು ಬರಿ ಹೇಳಿ," ಅಂದಳು. ಹುಡುಗನ ತಾಯಿ ಒಂದು ಚಪ್ಪಲಿ ಬಿಟ್ಟು ಇನ್ನೊಂದು ಕಾಲಿನಲ್ಲೇ ಇರುವಾಗ ಹೆಮ್ಮೆಯಿಂದ, "ಕುಂದರ್!" ಅಂದರು. ಸೋನಾಲಿ ತಾಯಿಯ ಬಾಗಿಲು ಆಗಲೇ ತೆರೆದಿತ್ತು, ಅವರ ಕೈಯಲ್ಲಿ ರಾಖಿಯೂ ಇತ್ತು.

ಆ ರಾತ್ರಿ ಊಟ ಬಡಿಸುತ್ತ ವಾರಿಜಾ ಹೇಳಿದಳು. "ಅಣ್ಣ, ಸಾಕು. ಬಿಲ್ಡಿಂಗಿನಲ್ಲಿ ನಗ್ತಾರೆ. ಗಂಡು ಹುಡುಕ್ಲಿಕ್ಕೆ ಹೋಗಿ ಅಣ್ಣಂದಿರ ಸಾಲು ನಿಲ್ಲಿಸಿದೆ. ಇನ್ನು ರಾಜೀವಿಯಕ್ಕ ಹುಡುಕ್ಲಿ. ನೀನು ಮದುವೆ ದಿನ ಮುಂದಿನ ಕುರ್ಚಿಯಲ್ಲಿ ಕೂತುಕೋ, ಆಯ್ತಾ?"

ಮುಂದಿನ ಕುರ್ಚಿ! ಸೋದರಸೊಸೆಯ ಕೈಹಿಡಿದು ಮಂಟಪಕ್ಕೆ ತರಬೇಕಾದ ಸೋದರಮಾವನಿಗೆ ಮುಂದಿನ ಕುರ್ಚಿಯೇ! ದೂಜಣ್ಣ ಬಟ್ಟಲು ಪಕ್ಕಕ್ಕೆ ಸರಿಸಿ ಎದ್ದ. ಮುಂದಿನ ಭಾನುವಾರ ಸಂಘದ ಸಭೆ ಇತ್ತು, ಅವನಿಗೆ ಉಳಿದದ್ದು ಅದೊಂದೇ ಅವಕಾಶ.

ಸಭೆಗೆ ಹೋದರೆ ಅಲ್ಲಿ ಬೆಂಕಿ. ದೂಜಣ್ಣ ಕೇವಲ ತಂಗಿಯ ಮಗಳಿಗೆ ಹುಡುಕಿ ಸುಮ್ಮನಾಗಿರಲಿಲ್ಲ; ಕೇಳಿದವರಿಗೆಲ್ಲ, ಕೇಳದವರಿಗೂ, ಅದೇ ಮೆತ್ತಗಿನ not ಹಾಕಿ ಹುಡುಕಿಕೊಟ್ಟಿದ್ದ. ವಿರಾರದಿಂದ ಡೊಂಬಿವಲಿಯವರೆಗೆ ಅಣ್ಣ ತಂಗಿಯರು ಪರಸ್ಪರ ಹೆಣ್ಣು ಗಂಡು ನೋಡಿ ಬಂದಿದ್ದರು.

ಒಬ್ಬರು ಎದ್ದು ನಿಂತರು. "ನನ್ನ ಮಗನಿಗೆ ಹುಡುಗಿ ನೋಡ್ಲಿಕ್ಕೆ ಡೊಂಬಿವಲಿಗೆ ಹೋದೆವು ಅಧ್ಯಕ್ಷರೇ. ಬಾಗಿಲು ತೆಗೆದದ್ದು ಯಾರು ಗೊತ್ತುಂಟಾ? ನನ್ನ ಹೆಂಡತಿಯ ಸ್ವಂತ ಅಕ್ಕ! ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಹೊಸ ಮನೆಯೂ ಬೆಳೆದ ಹುಡುಗಿಯೂ ನಮಗೆ ಗೊತ್ತಿರಲಿಲ್ಲ."

"ಮತ್ತೇನಾಯ್ತು?"

"ಆಗುವುದೆಂತ? ಅಕ್ಕ ತಂಗಿ ಅಪ್ಪಿಕೊಂಡು ಅತ್ತರು. ಊಟ ಮಾಡಿ ಬಂದೆವು." ಅವರು ಕೂತರು. ದೂರು ಹೇಳಲು ಎದ್ದದ್ದೋ ಕೃತಜ್ಞತೆ ಹೇಳಲು ಎದ್ದದ್ದೋ ಅವರಿಗೇ ಗೊತ್ತಾಗಲಿಲ್ಲ.

"ಪ್ರಶ್ನೆ ಗಂಭೀರವಾದುದು," ಅಂದರು ಅಧ್ಯಕ್ಷರು.

"ಗಂಭೀರ ಎಂತದು? ದೂಜಣ್ಣನನ್ನು ತೆಗೀರಿ," ಅಂದರು ರಾಜೀವಿಯಕ್ಕ. "ನನ್ನ ಕೈಯಲ್ಲಿದ್ದಾಗ ಹೀಗೆ ಒಂದಾದರೂ ಆಗಿತ್ತಾ?"

ದೂಜಣ್ಣ ಎದ್ದ. "ತೆಗೀರಿ. ಆದ್ರೆ ನಾನು ಬರೆದದ್ದು ತಪ್ಪಾ ಅಂತ ಎಲ್ಲರೂ ನೋಡಿ ಆಮೇಲೆ ತೆಗೀರಿ."

ಗೋಡೆಯ ಮೇಲೆ ಪರದೆ ಇಳಿಸಿದರು. ಮೂಲೆಯಲ್ಲಿ ಬಾಡಿ ಕೂತಿದ್ದ ತಿಲಕ್ ತಂತಿ ಸಿಕ್ಕಿಸಿ ಮತ್ತೆ ಮೂಲೆಗೆ ಹೋದ. ದೂಜಣ್ಣ ಒಂದೇ ಬೆರಳಿನಲ್ಲಿ ಬರೆಯತೊಡಗಿದ. ಗೋಡೆಯ ಮೇಲೆ SHOW ಎಂದು ಮೂಡಿತು. ಆಮೇಲೆ please. ಆಮೇಲೆ not.

"ಅಂಕಲ್!"

ಮೂಲೆಯಿಂದ ಕುರ್ಚಿ ಬಿದ್ದ ಸದ್ದಾಯಿತು. ತಿಲಕ್ ಜನರ ಕಾಲು ತುಳಿಯುತ್ತ ಓಡಿ ಬಂದ. "ಸಣ್ಣದು! ಅಂಕಲ್, ಸಣ್ಣದು! ಇಷ್ಟು ದಿನ ಇದನ್ನೇ ಬರೆದ್ರಾ? ಹರ್ ಬಾರ್ ಇದೇ?"

"ಇದೇ."

"ಅಂದ್ರೆ ಮೊದಲನೇ ಹೆಸರನ್ನು ನೀವು ನೋಡಲೇ ಇಲ್ಲ! ಬೇಡ ಅಂತ ಹೇಳಲೇ ಇಲ್ಲ!" ಎನ್ನುತ್ತ ತಿಲಕ್ ದೂಜಣ್ಣನನ್ನು ಗಟ್ಟಿಯಾಗಿ ತಬ್ಬಿಕೊಂಡ. ಇಡೀ ಸಂಘದ ಮಾನ ಹೋಗಿರುವಾಗ ಈ ಹುಡುಗನಿಗೆ ಇಷ್ಟು ಖುಷಿ ಯಾಕೆಂದು ಸಭೆ ಮುಖ ಮುಖ ನೋಡಿತು.

ಆಮೇಲೆ ತಿಲಕ್ ಎಲ್ಲರಿಗೂ ವಿವರಿಸಿದ. ಕಮಾಂಡ್ ಹೇಗೆ ಬರೆದರೂ ಕಂಪ್ಯೂಟರ್ ಕೇಳುತ್ತದೆ, NOT ಮಾತ್ರ ದೊಡ್ಡಕ್ಷರದಲ್ಲಿ ಇಲ್ಲದಿದ್ದರೆ ಕೇಳುವುದಿಲ್ಲ.

"ಅಕ್ಷರದಲ್ಲಿ ದೊಡ್ಡದು ಸಣ್ಣದು ಎಂತದು ಮಾರಾಯ?" ರಾಜೀವಿಯಕ್ಕ ಕೇಳಿದರು. "ನಮ್ಮ ಕನ್ನಡದಲ್ಲಿ ಇಲ್ಲ ಅಂದ್ರೆ ಇಲ್ಲ, ಮುಗೀತು."

ದೂಜಣ್ಣ ಕೀಬೋರ್ಡಿನಿಂದ ಕೈ ತೆಗೆದ. "ನಾನೆಂತ ಮಾಡ್ಲಿ ಹೇಳಿ? ಇಷ್ಟು ವರ್ಷ ಹೋಟೆಲಿನಲ್ಲಿ ನಿಂತವನು. ಇಲ್ಲ ಅನ್ನುವುದನ್ನು ಯಾರಾದ್ರೂ ಬೊಬ್ಬೆ ಹೊಡೆದು ಹೇಳ್ತಾರಾ? ಎದುರಿನವರಿಗೆ ಬೇಜಾರಾಗುವುದಿಲ್ವಾ?"

ಆ ಸಭೆಯಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಮಂದಿ ಹೋಟೆಲಿನವರೇ. ಹಿಂದಿನ ಸಾಲಿನ ಒಬ್ಬ ಮುದುಕರು, "ಅದು ಸರಿ ಉಂಟು, ಹಾಗೆ ಹೇಳ್ಬಾರ್ದು," ಅಂದರು. ಅಧ್ಯಕ್ಷರೂ ಒಂದು ಹೋಟೆಲಿನ ಧಣಿಯಾದ್ದರಿಂದ ತಲೆದೂಗಿದರು.

"ಈಗ ದೊಡ್ಡದಾಗಿ ಹಾಕಿ ಅಂಕಲ್," ಅಂದ ತಿಲಕ್.

ದೂಜಣ್ಣ ಮನಸ್ಸಿನಲ್ಲೇ ಯಾರಿಗೋ ಕ್ಷಮೆ ಕೇಳಿ NOT ಎಂದು ದೊಡ್ಡಕ್ಷರದಲ್ಲಿ ಹೊಡೆದ. ಪರದೆ ಒಮ್ಮೆ ಮಿನುಗಿತು. ಹೊಸ ಹುಡುಗರು ಸಾಲಾಗಿ ಬಂದರು. ಎಲ್ಲಕ್ಕಿಂತ ಮೇಲೆ ತಲೆ ಬಾಚಿ, ಟೈ ಕಟ್ಟಿ, ಹಲ್ಲು ತೋರಿಸಿ ನಿಂತಿದ್ದವನು: ತಿಲಕ್ ಕೋಟ್ಯಾನ್, ಅಂಧೇರಿ.

ಅವನ ಹೆಸರು ಎಲ್ಲರಿಗಿಂತ ಮೇಲೆ ಬಂದದ್ದು ಹೇಗೆಂದು ಯಾರೂ ಕೇಳಲಿಲ್ಲ. ಕಂಪ್ಯೂಟರ್ ಹಾಕಿದವನಿಗೆ ಗೊತ್ತಿರಬೇಕು. ಅವನೀಗ ಫ್ಯಾನ್ ನೋಡುತ್ತಿದ್ದ.

ವಾರಿಜಾ ಎದ್ದು ಬಂದು ಪರದೆಯನ್ನೊಮ್ಮೆ ಹುಡುಗನನ್ನೊಮ್ಮೆ ನೋಡಿದಳು. "ಬರಿ ಯಾವುದು ನಿಂದು?"

"ಬಂಗೇರ!" ತಿಲಕ್ ಕೂಗಿದ್ದು ಕೆಳಗಿನ ರಿಕ್ಷಾ ಸ್ಟ್ಯಾಂಡಿನವರಿಗೂ ಕೇಳಿಸಿರಬೇಕು. ಸಭೆ ಚಪ್ಪಾಳೆ ತಟ್ಟಿತು. ರಾಜೀವಿಯಕ್ಕ ಮಾತ್ರ ಕೈ ಕಟ್ಟಿಕೊಂಡು ಹುಡುಗನನ್ನೇ ದಿಟ್ಟಿಸುತ್ತಿದ್ದರು.

ಎರಡು ದಿನ ದೂಜಣ್ಣ ನೆಲದ ಮೇಲೆ ಕಾಲಿಡಲಿಲ್ಲ. ಬಂದ ಗಿರಾಕಿಗೆಲ್ಲ, "ನಮ್ಮ ಪ್ರಣೀತಾಗೆ ಹುಡುಗ ಸಿಕ್ಕಿದ, ನಾನೇ ಹುಡುಕಿದ್ದು," ಎಂದು ಹೇಳಿದ. ಮೂರನೇ ದಿನ ಸಂಜೆ, ಹೋಟೆಲ್ ಖಾಲಿ ಇರುವ ಹೊತ್ತಿಗೆ ಪ್ರಣೀತಾ ಬಂದಳು. ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಬಡೇಸೋಪಿನ ತಟ್ಟೆಯನ್ನು ಸುಮ್ಮನೆ ಕೆದಕಿದಳು.

"ಮಾಮ, ಗುಸ್ಸಾ ಮಾಡ್ಬೇಡಿ. ನಂಗೆ ತಿಲಕ್ ಗೊತ್ತು. ಪೆಹ್ಲೇ ಸೇ."

"ಎಷ್ಟು ಪೆಹ್ಲೇ?"

"ಸಂಘಕ್ಕೆ ಕಂಪ್ಯೂಟರ್ ಬರೋದಕ್ಕಿಂತ." ಅವಳು ತಲೆ ತಗ್ಗಿಸಿದಳು. "ಅವ್ನು ಕಂಪ್ಯೂಟರ್ ಹಾಕಿದ್ದೇ ಅದಕ್ಕೆ."

ದೂಜಣ್ಣ ಬಿಲ್ಲಿನ ಮೆಷಿನನ್ನು ನೋಡುತ್ತ ಕೂತ. ಶಾಲು ಹೊದೆಸಿಕೊಂಡ ಸೇವಾಮನೋಭಾವ, ಉಳಿದುಹೋದ ದೋಸೆ, ಕಣ್ಣೀರು ಬರಿಸಿದ ಸಾಂಬಾರು, ಎಲ್ಲ ಒಂದೊಂದಾಗಿ ಅರ್ಥವಾಯಿತು. ಅಡಿಗೆಯವನಿಗೆ ಸುಮ್ಮನೆ ಬಯ್ದೆನಲ್ಲ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಹುಡುಗನನ್ನು ತಾನು ಹುಡುಕಲೇ ಇಲ್ಲವಲ್ಲ ಎಂದು ಬೇಸರವಾಯಿತು.

"ಸೀದಾ ಬಂದು ಹೇಳಿದ್ರೆ ನಾನು ಬೇಡ ಅಂತಿದ್ನಾ ಮಗಾ?"

"ಇಲ್ಲ. ಗೊತ್ತು ನಂಗೆ. ಆದ್ರೆ ಆಗ ಅವ್ನು ನಾನು ಹುಡುಕಿದ ಹುಡುಗ ಆಗ್ತಿದ್ದ." ಪ್ರಣೀತಾಳ ಕನ್ನಡ ತಡವರಿಸಿತು. "ಪಪ್ಪ ಶಿಪ್‌ನಲ್ಲಿ ಇರ್ತಿದ್ರು. ಸ್ಕೂಲಿಗೆ ಬಿಟ್ಟದ್ದು ನೀವು, ಜ್ವರ ಬಂದಾಗ ಡಾಕ್ಟರ್ ಹತ್ರ ಕೂತದ್ದು ನೀವು. ಶಾದಿ ಭೀ ನೀವೇ ಮಾಡ್ಬೇಕು ಅಂತ ಅನ್ಸಿತು. ಮಾಮ ಹುಡುಕಿದ ಹುಡುಗ ಅಂತ ಎಲ್ಲರೂ ಹೇಳ್ಬೇಕು ಅಂತ."

ದೂಜಣ್ಣನಿಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಸೊಸೆಗೊಂದು ಬನ್ಸ್, ಒಂದು ಕಾಫಿ ತರಲು ಒಳಗೆ ಕೂಗಿ ಹೇಳಿದ. ದನಿ ಒಡೆದಿದ್ದರಿಂದ ಒಳಗಿನವನಿಗೆ ಎರಡು ಸಲ ಹೇಳಬೇಕಾಯಿತು.

ಮಾತುಕತೆಯ ದಿನ ವಾರಿಜಾಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿಲಕ್‌ನ ತಂದೆ ತಾಯಿ ಬಂದಿದ್ದರು. ಪ್ರಶಾಂತ, ಯಜ್ಞೇಶ್, ಲೋಹಿತ್ ಮೂವರೂ ಅಣ್ಣಂದಿರ ಹಕ್ಕಿನಿಂದ ಬೆಳಿಗ್ಗೆಯೇ ಬಂದು ಸೋಫಾ ಹಿಡಿದಿದ್ದರು. ಅವರ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಿಲಕ್ ಒಬ್ಬನೇ ಬೆವರುತ್ತಿದ್ದ.

"ಕುಡೀತೀರಾ?" ಪ್ರಶಾಂತ ಕೇಳಿದ.

"ನೀರು ಸಾಕು," ಅಂದ ತಿಲಕ್.

"ಅದನ್ನಲ್ಲ ಕೇಳಿದ್ದು," ಅಂದ ಯಜ್ಞೇಶ್.

"ಸಿಟ್ಟು ಬರ್ತದಾ?" ಲೋಹಿತ್ ಕೇಳಿದ. ಇಷ್ಟು ಮಂದಿ ಭಾವಂದಿರು ಸಿಗಬಹುದೆಂದು ತಿಲಕ್ ತನ್ನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದ.

ಸೋನಾಲಿ ತಾಯಿ ಈ ಸಲ ರಾಖಿ ತರದೆ ಬರಿಗೈಯಲ್ಲಿ ಬಂದು ಕೂತಿದ್ದರು. ಎಲ್ಲ ಸುಸೂತ್ರವಾಗಿ, ಇನ್ನೇನು ತಾಂಬೂಲ ಬದಲಾಯಿಸಬೇಕು ಅನ್ನುವಾಗ ರಾಜೀವಿಯಕ್ಕ ಗಂಟಲು ಸರಿಮಾಡಿಕೊಂಡರು.

"ಒಂದು ಮಾತು ಕೇಳಿಬಿಡ್ತೇನೆ, ಯಾರೂ ತಪ್ಪು ತಿಳ್ಕೊಬೇಡಿ. ಈ ಹುಡುಗನಿಗೂ ಹುಡುಗಿಗೂ ಮೊದಲೇ ಪರಿಚಯ ಗಿರಿಚಯ ಉಂಟಾ?"

ವಾರಿಜಾಳ ಕೈಯ ಹರಿವಾಣ ನಿಂತಿತು. ತಿಲಕ್‌ನ ತಾಯಿ ಮಗನನ್ನು ನೋಡಿದರು. ಅಣ್ಣಂದಿರು ಮೂವರೂ ಮುಂದಕ್ಕೆ ಬಾಗಿದರು. ಪ್ರಣೀತಾ ಬಿಳುಚಿಕೊಂಡು ಮಾಮನ ಕಡೆ ನೋಡಿದಳು.

ದೂಜಣ್ಣ ಎದ್ದ. ಪಂಚೆ ಸರಿಮಾಡಿಕೊಂಡು ನಡುವೆ ಬಂದು ನಿಂತ. "ಎಂತ ಪರಿಚಯ ರಾಜೀವಿಯಕ್ಕ? ನಾನಿನ್ನೂ ಮಾಡಿಸಲೇ ಇಲ್ಲ. ಈಗ ಮಾಡಿಸ್ತೇನೆ, ನೀವೇ ನೋಡಿ." ತಿಲಕ್‌ನ ತೋಳು ಹಿಡಿದು ಎಬ್ಬಿಸಿದ. "ಮಗಾ ಪ್ರಣೀತಾ, ಇವನು ತಿಲಕ್. ನಾನು ಹುಡುಕಿದ ಹುಡುಗ. ತಿಲಕ್, ಇವಳು ನನ್ನ ತಂಗಿಯ ಮಗಳು, ಪ್ರಣೀತಾ."

ತಿಲಕ್ ಗಾಬರಿಯಲ್ಲಿ ಎರಡೂ ಕೈ ಮುಗಿದು, "ನೈಸ್ ಟು ಮೀಟ್ ಯೂ," ಅಂದ.

ಪ್ರಣೀತಾ ಮೆಲ್ಲಗೆ ತಲೆಯೆತ್ತಿ ಅವನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಅದೆಷ್ಟು ಚೆನ್ನಾಗಿ ನೋಡಿದಳೆಂದರೆ, ರಾಜೀವಿಯಕ್ಕನೇ ತಾಂಬೂಲಕ್ಕೆ ಕೈಹಾಕಿದರು; ಹುಡುಗನನ್ನು ಹುಡುಕಿದ್ದು ತಾನೇ ಎಂಬುದರಲ್ಲಿ ದೂಜಣ್ಣನಿಗೂ ಆಮೇಲೆ ಸಂಶಯ ಉಳಿಯಲಿಲ್ಲ.